ಎಂಟು ಪಿಕ್ಸೆಲನ್ನು ಆರಕ್ಕಿಳಿಸಿ ಪ್ಯಾಕ್‌ಮ್ಯಾನ್ ಆಡಿದ್ದು: ನನ್ನ ಅನುಭವ

48ಕೆ ಮೆಮೊರಿಯ ಹಳೆಯ ಮನೆ-ಕಂಪ್ಯೂಟರ್ ಸ್ಪೆಕ್ಟ್ರಮ್‌ನಲ್ಲಿ ಪ್ಯಾಕ್‌ಮ್ಯಾನ್ ಆಟವನ್ನು ಆರ್ಕೇಡಿನ, ಅಂದರೆ ನಾಣ್ಯ ಹಾಕಿ ಆಡುವ ಮೂಲ ಯಂತ್ರದ, ವೇಗದಲ್ಲೇ, ಚಿತ್ರ ಮಿನುಗದಂತೆ ಓಡಿಸುತ್ತೇನೆ ಎಂದಾಗ ಗೆಳೆಯರು ನಕ್ಕಿದ್ದರು. ಅದು ಆಗದ ಕೆಲಸವೆಂಬ ಅವರ ವಾದ ಪೂರ್ತಿ ತಪ್ಪಾಗಿರಲಿಲ್ಲ. 1980ರ ಆ ಆರ್ಕೇಡ್ ಯಂತ್ರದ ಝಡ್80 ಪ್ರೊಸೆಸರಿನ ವೇಗ 3.072 ಮೆಗಾಹರ್ಟ್ಸ್, 1982ರ ಸ್ಪೆಕ್ಟ್ರಮ್‌ನದು 3.5; ಆದರೆ ಅಲ್ಲಿ ಆಟಗಾರನನ್ನು ಅಟ್ಟುವ ಭೂತಗಳ ಚಿತ್ರ ಬರೆಯಲು ಬೇರೆ ಸರ್ಕ್ಯೂಟೇ ಇದೆ, ಇಲ್ಲಿ ಒಂದೊಂದು ಬೈಟನ್ನೂ ಪ್ರೊಸೆಸರೇ ಹೊರಬೇಕು.

ಬ್ರಿಟನ್ನಿನಿಂದ ತರಿಸಿದ ಹಳೆಯ ಸ್ಪೆಕ್ಟ್ರಮ್ ಯಂತ್ರಕ್ಕೆ ಅಂಚೆ, ಸುಂಕ ಸೇರಿ ಸುಮಾರು ಹದಿನಾಲ್ಕು ಸಾವಿರ ರೂಪಾಯಿ ಬಿತ್ತು. ಅದರೊಳಗಿನ ಮೈನಸ್ ಐದು ವೋಲ್ಟ್ ಸರಬರಾಜು ಕೈಕೊಟ್ಟು, ಕೆಳಗಿನ 16ಕೆಯ ಎರಡು 4116 ಮೆಮೊರಿ ಚಿಪ್ಪುಗಳು ಸತ್ತಿದ್ದವು. ಅವನ್ನು ಬದಲಿಸಲು ಮೂರು ಭಾನುವಾರಗಳು ಹೋದವು, ಬೋರ್ಡಿನ ಒಂದು ತಾಮ್ರದ ಗೆರೆಯೂ ಕಿತ್ತುಬಂತು. ಬ್ರಿಟನ್ನಿನಂತೆ ನಮ್ಮಲ್ಲೂ ಪಾಲ್ ಎಂಬ ಟಿವಿ ಪದ್ಧತಿಯೇ ಇದ್ದುದರಿಂದ ಅಟ್ಟದ ಮೇಲಿದ್ದ ಹಳೆಯ ಟಿವಿ ಸಾಕಾಯಿತು.

ಮೂಲ ಆಟದ ಜಟಿಲ ದಾರಿಗಳ ನಕ್ಷೆ 224×248 ಪಿಕ್ಸೆಲಿನದು, ಸ್ಪೆಕ್ಟ್ರಮ್ ಪರದೆಯ ಎತ್ತರ ಬರೀ 192. ಮೊದಲು ಇಡೀ ಪರದೆಯನ್ನು ಮೇಲೆ ಕೆಳಗೆ ಸರಿಸಲು ಹೋಗಿ ಎರಡು ತಿಂಗಳು ಕಳೆದೆ: 6,144 ಬೈಟುಗಳನ್ನು ಎಲ್‌ಡಿಐ ಆದೇಶದಿಂದ ನಕಲಿಸಲು 98,304 ಟಿ-ಸ್ಟೇಟ್ (ಪ್ರೊಸೆಸರಿನ ಗಡಿಯಾರದ ಮಿಡಿತ) ಬೇಕು, ಒಂದು ಫ್ರೇಮಿನಲ್ಲಿ, ಅಂದರೆ ಟಿವಿ ಒಂದು ಚಿತ್ರ ಬರೆಯುವ ಹೊತ್ತಿನಲ್ಲಿ, ಇರುವುದು 69,888. ಟಿವಿಯನ್ನು ಅಡ್ಡ ಮಲಗಿಸಿಯೂ ನೋಡಿದೆ. ಮೂಲೆಯಲ್ಲಿ ಹಸಿರು ಕಲೆ ಮೂಡಿದ್ದಲ್ಲದೆ, ಎತ್ತರಕ್ಕೆ ಜಾಗ ಸಿಕ್ಕರೂ ಅಗಲ 192ಕ್ಕೆ ಇಳಿದಿದ್ದರಿಂದ ಲಾಭವೇನೂ ಆಗಲಿಲ್ಲ. ಕೊನೆಗೆ ಎಂಟು ಪಿಕ್ಸೆಲಿನ ಚೌಕಗಳನ್ನು ಆರಕ್ಕೆ ಇಳಿಸಿದೆ. 28×31 ಚೌಕಗಳು 168×186ರಲ್ಲಿ ಅಚ್ಚುಕಟ್ಟಾಗಿ ಕುಳಿತವು.

ಮಿನುಗು ಹೋಗಿದ್ದು ಐದು ಸ್ಪ್ರೈಟುಗಳನ್ನು (ಚಲಿಸುವ ಚಿತ್ರಗಳನ್ನು) ಪ್ರತಿ ಫ್ರೇಮಿನಲ್ಲೂ ಮೇಲಿನಿಂದ ಕೆಳಕ್ಕೆ ವಿಂಗಡಿಸಿ, ಟಿವಿಯ ಕಿರಣ ಅಲ್ಲಿಗೆ ಮುಟ್ಟುವ ಮೊದಲೇ ಅಳಿಸಿ ಬರೆದ ಮೇಲೆ. ಹೊಸ ಫ್ರೇಮ್ ಶುರುವಾಯಿತೆಂಬ ಸೂಚನೆ (ಇಂಟರಪ್ಟ್) ಬಂದ ನಂತರ ಮೊದಲ ಗೆರೆಯವರೆಗೆ ಸಿಗುವ 14,336 ಟಿ-ಸ್ಟೇಟ್ ನನಗೆ ಧಾರಾಳವಾಯಿತು. ಸ್ಪೆಕ್ಟ್ರಮ್ ಪರದೆಯಲ್ಲಿ ಎಂಟು ಪಿಕ್ಸೆಲಿನ ಒಂದೊಂದು ಚೌಕಕ್ಕೂ ಎರಡೇ ಬಣ್ಣ. ಹಾಗಾಗಿ ಭೂತ ಹಾದುಹೋದಾಗ ಪಕ್ಕದ ಗೋಡೆ ಕೆಂಪಾಗುವುದನ್ನು ಬಹುಮಟ್ಟಿಗೆ ತಪ್ಪಿಸಿದ ಬಗೆಯನ್ನು ಸದ್ಯಕ್ಕೆ ಬಿಟ್ಟುಕೊಡಲಾರೆ; ಬಣ್ಣದ ಚೌಕದ ಅಂಚಿಗೆ ಗೋಡೆಯ ಗೆರೆ ಎಲ್ಲಿ ಬೀಳುತ್ತದೆಂದು ನೋಡಿದವರು ಊಹಿಸಬಹುದು.

ಆರ್ಕೇಡ್ ಸೆಕೆಂಡಿಗೆ ಅರವತ್ತು ಬಾರಿ ಹೆಜ್ಜೆ ಹಾಕಿದರೆ ನಮ್ಮ ಟಿವಿಯದು ಐವತ್ತು. ಮೂಲ ಪ್ರೋಗ್ರಾಮಿನ ಲೆಕ್ಕಾಚಾರವನ್ನು ಹೆಜ್ಜೆ ಹೆಜ್ಜೆಗೂ ಹಾಗೆಯೇ ಉಳಿಸಿಕೊಂಡಿದ್ದೆನಾದ್ದರಿಂದ ಐದು ಫ್ರೇಮಿಗೊಮ್ಮೆ ಆಟವನ್ನು ಎರಡು ಹೆಜ್ಜೆ ನಡೆಸಿದೆ, ಚಿತ್ರವನ್ನು ಒಮ್ಮೆಯೇ ಬರೆದೆ. ಧ್ವನಿಯಲ್ಲಿ ಸೋತೆ, ಆರ್ಕೇಡಿನ ಮೂರು ಸ್ವರಗಳ ಕೆಲಸವನ್ನು ಆಟ ಓಡುತ್ತಿರುವಾಗಲೇ ಸ್ಪೆಕ್ಟ್ರಮ್ಮಿನ ಒಂದು ಬಿಟ್‌ನ ಬೀಪರ್ ಮಾಡಲಾರದು.

ಹೆಚ್ಚು ನಕ್ಕಿದ್ದ ಗೆಳೆಯನಿಗೆ ಆರ್ಕೇಡಿನ ಮೊದಲ ಹಂತದ ದಾರಿ ಬಾಯಿಪಾಠವಾಗಿತ್ತು. ಮೊದಲ ಸಲ ರಬ್ಬರ್ ಕೀಲಿಯೊಂದು ಒತ್ತಿಕೊಳ್ಳದೆ ಕೆಳಗಿನ ಎಡಮೂಲೆಯಲ್ಲಿ ಸತ್ತ. ಎರಡನೆಯ ಸಲ ಅದೇ ದಾರಿಯಲ್ಲಿ ಕೊನೆಯ ಚುಕ್ಕೆಯವರೆಗೂ ಹೋದ. ಭೂತಗಳು ಅವನು ನೆನಪಿಟ್ಟಿದ್ದ ತಿರುವುಗಳಲ್ಲೇ ತಿರುಗಿದವು.