ಆಟವಾಡುವ ಅಣ್ಣತಮ್ಮಂದಿರ ಮನೆ: ಕೊಡಗಿನ ತಂದೆತಾಯಂದಿರಿಗೊಂದು ಕೈಪಿಡಿ

ಒಬ್ಬ ಮಗ ಆಟಗಾರನಾದರೆ ಮನೆಯವರೆಲ್ಲ ಅವನ ಹಿಂದೆ ಓಡಿದರೆ ಸಾಕು. ಮೂವರೂ ಆಟಗಾರರಾದರೆ ಯಾರ ಹಿಂದೆ, ಯಾವ ದಿನ, ಎಷ್ಟು ದೂರ ಓಡಬೇಕೆಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಕೊನೆಗೆ ಯಾರಿಗೂ ನ್ಯಾಯ ಸಲ್ಲುವುದಿಲ್ಲ. ಅಮ್ಮತ್ತಿಯ ಬಳಿಯ ನಮ್ಮ ತೋಟದ ಮನೆಯಲ್ಲಿ ಹಿರಿಯವನಿಗೆ ಹಾಕಿ, ನಡುವಿನವನಿಗೆ ಕ್ರಿಕೆಟ್, ಕಿರಿಯವನಿಗೆ ಹಾಕಿಯ ಜೊತೆಗೆ ಓಟ ಎಂದು ಹತ್ತು ವರ್ಷಗಳಿಂದ ಸಂಸಾರ ನಡೆದಿದೆ. ಈ ಅವಧಿಯಲ್ಲಿ ನಾನು ಕಲಿತದ್ದನ್ನು, ಅದರಲ್ಲೂ ತಪ್ಪು ಮಾಡಿದ ಮೇಲೆ ಕಲಿತದ್ದನ್ನು, ಇದೇ ದಾರಿಯಲ್ಲಿರುವ ಇತರ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ. ಹಣ, ಬೂಟು, ಜೀಪಿನ ಡೀಸೆಲ್ ಹೇಗೋ ಹೊಂದಿಕೊಳ್ಳುತ್ತವೆ. ಹಂಚುವುದಕ್ಕೆ ಎಲ್ಲಕ್ಕಿಂತ ಕಷ್ಟವಾದದ್ದು ತಂದೆತಾಯಿಯ ಗಮನ.

ವರ್ಷದ ಲೆಕ್ಕ

ಅಡುಗೆಮನೆಯ ಗೋಡೆಗೆ ದೊಡ್ಡದೊಂದು ಕ್ಯಾಲೆಂಡರ್ ತೂಗುಹಾಕಿ, ಪ್ರತಿ ಮಗನಿಗೂ ಒಂದೊಂದು ಬಣ್ಣದ ಪೆನ್ನು ಕೊಟ್ಟು, ಅಭ್ಯಾಸ, ಪಂದ್ಯ, ಪರೀಕ್ಷೆ ಮೂರನ್ನೂ ಅವರ ಕೈಯಿಂದಲೇ ಬರೆಸಿ. ಕೊಡಗಿನಲ್ಲಿ ಆಟದ ವರ್ಷಕ್ಕೂ ಕಾಫಿಯ ವರ್ಷಕ್ಕೂ ಸದಾ ಘರ್ಷಣೆ ಇರುವುದರಿಂದ ತೋಟದ ಕೆಲಸಗಳನ್ನೂ ಅದೇ ಹಾಳೆಯಲ್ಲಿ ಗುರುತಿಸಬೇಕು. ಶಾಲೆ ತೆರೆಯುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳು ಮಳೆ ಇನ್ನೂ ಬಿಡದ ದಿನಗಳಲ್ಲೇ ನಡೆಯುತ್ತವೆ. ಜನವರಿಯಿಂದ ಮಾರ್ಚಿನವರೆಗೆ ರೋಬಸ್ಟಾ ಕೊಯ್ಲು ಇರುವಾಗ ಜೀಪೂ ಬಿಡುವಾಗಿರುವುದಿಲ್ಲ, ಮನೆಯ ದೊಡ್ಡವರೂ ಬಿಡುವಾಗಿರುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಮಕ್ಕಳ ಮೈದಾನವಾಗಿದ್ದ ಕಣದ ತುಂಬ ಕಾಫಿ ಹರಡಿರುತ್ತದೆ. ಕಾಫಿ ಹೂಬಿಡಲು ಬೇಕಾದ ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಕೆಲಸಕ್ಕೆ ರಾತ್ರಿಯೂ ಏಳಬೇಕು. ಆ ಮೂರು ತಿಂಗಳು ದೂರದ ಪಂದ್ಯಗಳಿಗೆ ಒಪ್ಪಿಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ, ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ.

ವಾಹನದ ವಿಷಯದಲ್ಲಿ ನೆರೆಯ ಎರಡು ಮೂರು ಮನೆಯವರು ಸೇರಿ ಸರದಿ ಮಾಡಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸೋಮವಾರ ಒಬ್ಬರು ಗೋಣಿಕೊಪ್ಪಕ್ಕೆ, ಬುಧವಾರ ಇನ್ನೊಬ್ಬರು ವಿರಾಜಪೇಟೆಗೆ ಎಂದು ಹಂಚಿಕೊಂಡರೆ ನಿಮ್ಮ ವಾರದಲ್ಲಿ ಎರಡು ಸಂಜೆಗಳಾದರೂ ಉಳಿಯುತ್ತವೆ. ಅಮ್ಮತ್ತಿ, ಸಿದ್ದಾಪುರ, ತಿತಿಮತಿ ಕಡೆಯವರಿಗೆ ಮಾತ್ರ ಇನ್ನೊಂದು ಮಾತು ಹೇಳಲೇಬೇಕು: ಬೆಳಕು ಹರಿಯುವ ಮುನ್ನ ಮತ್ತು ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಯಾವ ಹುಡುಗನೂ ನಡೆದೋ ಸೈಕಲಿನಲ್ಲೋ ಹೋಗಕೂಡದು. ಆನೆ ಕಾಫಿ ಗಿಡಗಳ ನಡುವೆ ನಿಂತಿದ್ದರೆ ಹತ್ತು ಮಾರು ದೂರದಲ್ಲೂ ಕಾಣಿಸುವುದಿಲ್ಲ. ಬೆಳಗಿನ ಆರು ಗಂಟೆಯ ಅಭ್ಯಾಸಕ್ಕೆ ಕರೆದೊಯ್ಯಲು ವಾಹನವಿಲ್ಲದಿದ್ದರೆ ತರಬೇತುದಾರರಿಗೆ ಕಾರಣ ಹೇಳಿ ಏಳು ಗಂಟೆಗೆ ಕಳುಹಿಸಿ. ಅವರು ಒಪ್ಪದಿದ್ದರೆ ಅಂದು ಕಳುಹಿಸಬೇಡಿ.

ಗಮನದ ಹಂಚಿಕೆ

ಒಂದು ವರ್ಷ ಪಂದ್ಯಗಳ ಋತು ಮುಗಿದ ಮೇಲೆ ಹಳೆಯ ಕ್ಯಾಲೆಂಡರನ್ನು ಕೆಳಗಿಳಿಸಿ ನೋಡಿದಾಗ, ಹಿರಿಯವನ ಒಂಬತ್ತು ಪಂದ್ಯಗಳಿಗೆ ನಾನು ಹೋಗಿದ್ದೆ, ನಡುವಿನವನ ಎರಡಕ್ಕೆ ಮಾತ್ರ ಹೋಗಿದ್ದೆ. ಕಾರಣಗಳೇನೋ ಇದ್ದವು. ಹಾಕಿ ಪಂದ್ಯಗಳು ಭಾನುವಾರ ಹತ್ತಿರದ ಮೈದಾನದಲ್ಲಿ ನಡೆಯುತ್ತಿದ್ದವು, ಕ್ರಿಕೆಟ್ ದೂರದಲ್ಲಿ ಇಡೀ ದಿನದ್ದಾಗಿತ್ತು. ಆದರೆ ನಡುವಿನವನು ಒಮ್ಮೆಯೂ ದೂರು ಹೇಳಿರಲಿಲ್ಲ. ಪಂದ್ಯದ ದಿನಾಂಕಗಳನ್ನು ಬರೆಯುವುದನ್ನೇ ಆ ವರ್ಷದ ಮಧ್ಯದಲ್ಲಿ ನಿಲ್ಲಿಸಿಬಿಟ್ಟಿದ್ದ. ಅವನ ಹಸಿರು ಬಣ್ಣ ಆಗಸ್ಟಿನ ನಂತರದ ಹಾಳೆಗಳಲ್ಲಿ ಇರಲೇ ಇಲ್ಲ. ಅದು ನನಗೆ ಕಂಡದ್ದು ಡಿಸೆಂಬರಿನಲ್ಲಿ, ಮತ್ತು ಇಂದಿಗೂ ಅದನ್ನು ನೆನೆದರೆ ಮನಸ್ಸು ನೋಯುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಯಾರ ಪಂದ್ಯಕ್ಕೆ ತಂದೆ ಹೋದರು, ಯಾರದಕ್ಕೆ ತಾಯಿ ಹೋದಳು ಎಂದು ಹಾಳೆಯಲ್ಲಿ ಗುರುತು ಹಾಕುತ್ತೇವೆ; ತಿಂಗಳಿಗೊಮ್ಮೆ ಎಣಿಸುತ್ತೇವೆ; ಹಿಂದೆ ಬಿದ್ದವನ ಮುಂದಿನ ಪಂದ್ಯ, ಅದು ಎಷ್ಟೇ ಸಣ್ಣದಾಗಿರಲಿ, ಮೊದಲು ನಮ್ಮದಾಗುತ್ತದೆ. ಒಬ್ಬನ ಫೈನಲ್ಲೂ ಇನ್ನೊಬ್ಬನ ಸಾಮಾನ್ಯ ಪಂದ್ಯವೂ ಒಂದೇ ದಿನ ಬಂದರೆ ಇಬ್ಬರೂ ಫೈನಲಿಗೆ ಹೋಗದೆ ಬೇರೆ ಬೇರೆಯಾಗಿ ಹೋಗುವುದು ಒಳ್ಳೆಯದು. ಮಗ ಮೀಸಲು ಆಟಗಾರನಾಗಿ ಬೆಂಚಿನಲ್ಲಿ ಕೂರುವ ದಿನವೂ ಪಂದ್ಯದ ದಿನವೇ ಎಂದು ಎಣಿಸಿ. ನನ್ನ ಅನುಭವದಲ್ಲಿ ಹುಡುಗರು ತಂದೆತಾಯಿಯನ್ನು ಮೈದಾನದ ಅಂಚಿನಲ್ಲಿ ಹೆಚ್ಚು ಹುಡುಕುವುದು ಅಂಥ ದಿನಗಳಲ್ಲೇ.

ಹಿಂದಿರುಗುವ ದಾರಿಯಲ್ಲಿ ಆಟದ ವಿಮರ್ಶೆ ಮಾಡಬೇಡಿ. ಹೊಟ್ಟೆ ಹಸಿದಿದೆಯೇ, ಎಲ್ಲಾದರೂ ಪೆಟ್ಟಾಗಿದೆಯೇ ಎಂದು ಕೇಳಿ, ಉಳಿದದ್ದನ್ನು ಅವನು ತಾನಾಗಿ ಎತ್ತುವವರೆಗೆ ಕಾಯಿರಿ. ಮೂವರೂ ಒಂದೇ ಜೀಪಿನಲ್ಲಿ ಕುಳಿತಿರುವಾಗ ಸೋತವನ ತಪ್ಪುಗಳನ್ನು ಗೆದ್ದವನ ಎದುರು ಎತ್ತಿ ಆಡಿದರೆ ಅದು ವಿಮರ್ಶೆಯಾಗಿ ಉಳಿಯದೆ ಅವಮಾನವಾಗುತ್ತದೆ.

ಹೋಲಿಕೆ ಮತ್ತು ಮನೆತನದ ಹೆಸರು

ಭಾರತದ ಪರ ಹಾಕಿ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ ಅವರಂಥವರು ಬೆಳೆದುಬಂದ ನಾಡಿನಲ್ಲಿ ಹುಡುಗನೊಬ್ಬ ಹಾಕಿ ಸ್ಟಿಕ್ ಹಿಡಿದರೆ ಮದುವೆಮನೆಯಲ್ಲಿ ಸಿಕ್ಕ ಹಿರಿಯರೆಲ್ಲ ಕೇಳುವ ಮೊದಲ ಪ್ರಶ್ನೆ, ನಿಮ್ಮ ಮಕ್ಕಳಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಎಂಬುದೇ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಮಕ್ಕಳು ಪಕ್ಕದಲ್ಲೇ ನಿಂತು ಉತ್ತರಕ್ಕೆ ಕಿವಿಗೊಟ್ಟಿರುತ್ತಾರೆ. ಉತ್ತರವನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಹಿರಿಯವನು ರಕ್ಷಣೆಯಲ್ಲಿ ಗಟ್ಟಿ, ನಡುವಿನವನಿಗೆ ಲೆಗ್ ಸ್ಪಿನ್ ಕೈಗೆ ಹತ್ತುತ್ತಿದೆ, ಕಿರಿಯವನ ಓಟ ಈ ವರ್ಷ ಚುರುಕಾಗಿದೆ ಎಂದು ಪ್ರತಿಯೊಬ್ಬನ ಬಗ್ಗೆ ಒಂದೊಂದು ನಿಜವಾದ, ನಿರ್ದಿಷ್ಟವಾದ ಮಾತು ಹೇಳಿ. ಎಲ್ಲರೂ ಚೆನ್ನಾಗಿ ಆಡುತ್ತಾರೆ ಎಂಬ ಹಾರಿಕೆಯ ಮಾತನ್ನು ಮಕ್ಕಳು ನಂಬುವುದಿಲ್ಲ.

ಈ ಹೋಲಿಕೆಯ ಬಿಸಿ ಹೆಚ್ಚಾಗಿ ತಟ್ಟುವುದು ಏಪ್ರಿಲ್ ಮೇ ತಿಂಗಳಿನಲ್ಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಯಲ್ಲೂ ಇದೇ ಉತ್ಸಾಹವಿದೆ. ಅಜ್ಜ, ಚಿಕ್ಕಪ್ಪ, ಅಕ್ಕ, ತಮ್ಮ ಒಂದೇ ಮನೆತನದ ಹೆಸರಿನ ಜೆರ್ಸಿ ತೊಟ್ಟು ಒಂದೇ ತಂಡದಲ್ಲಿ ಇಳಿಯುವ ಅವಕಾಶ ಹುಡುಗರಿಗೆ ಬೇರೆಲ್ಲಿ ಸಿಗಬೇಕು? ಅಣ್ಣ ಹೊಡೆದ ಚೆಂಡನ್ನು ತಮ್ಮ ತಡೆದು ಮುಂದಕ್ಕೆ ಕೊಡುವುದನ್ನು ಕಂಡ ತಾಯಿಗೆ ಆ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹನ್ನೊಂದರಲ್ಲಿ ಒಬ್ಬ ಮಗನಿಗೆ ಸ್ಥಾನ ಸಿಕ್ಕಿ ಇನ್ನೊಬ್ಬನಿಗೆ ಸಿಗದ ವರ್ಷವೂ ಬರುತ್ತದೆ. ಆಗ ತಂಡ ನೋಡಿಕೊಳ್ಳುವ ಸಂಬಂಧಿಕರ ಬಳಿ ಹೋಗಿ ಶಿಫಾರಸು ಮಾಡಬೇಡಿ. ಹಾಗೆ ಸಿಕ್ಕ ಜಾಗದಲ್ಲಿ ಆಡುವ ಹುಡುಗನಿಗೆ ಅದು ಗೊತ್ತಾಗಿಯೇ ಆಗುತ್ತದೆ. ಆಯ್ಕೆ ಹೇಗೆ ನಡೆಯುತ್ತದೆ, ಸಿಗದಿದ್ದರೆ ಏನು ಮಾಡೋಣ ಎಂಬುದನ್ನು ಹೆಸರುಗಳು ಹೊರಬೀಳುವ ಮುನ್ನವೇ ಮನೆಯಲ್ಲಿ ಕುಳಿತು ಮಾತಾಡಿ, ಮತ್ತು ಸ್ಥಾನ ಸಿಗದವನ ಕೈಯಲ್ಲಿ ಆ ದಿನ ಮೈದಾನದಲ್ಲಿ ಮಾಡಲು ಒಂದು ಕೆಲಸವಿರುವಂತೆ ನೋಡಿಕೊಳ್ಳಿ.

ಆಯ್ಕೆಯಲ್ಲಿ ವಯಸ್ಸಿನ ಪಾತ್ರವನ್ನೂ ಮಕ್ಕಳಿಗೆ ತಿಳಿಸಬೇಕು. ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳಿವೆ. ಒಂದೇ ವಿಭಾಗದಲ್ಲಿ ಆಡುವ ಇಬ್ಬರ ನಡುವೆ ಸುಮಾರು ಒಂದು ವರ್ಷದ ಅಂತರವಿದ್ದರೂ ಆ ವಯಸ್ಸಿನಲ್ಲಿ ಅದು ಅರ್ಧ ಅಡಿ ಎತ್ತರದ ವ್ಯತ್ಯಾಸವಾಗಿ ಕಾಣಬಹುದು, ಮತ್ತು ಆಯ್ಕೆಗಾರರ ಕಣ್ಣು ಸಹಜವಾಗಿ ದೊಡ್ಡ ಹುಡುಗನ ಮೇಲೆ ಬೀಳುತ್ತದೆ. ತಡವಾಗಿ ಬೆಳೆಯುವವನಿಗೆ ಕಾಲಾವಕಾಶ ಬೇಕು. ಕೊಡಗಿನವರೇ ಆದ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಅವರಿಗೆ 43 ವರ್ಷ ಎಂಬುದನ್ನು ನನ್ನ ಕಿರಿಯವನಿಗೆ ನಾನು ಅನೇಕ ಸಲ ನೆನಪಿಸಿದ್ದೇನೆ.

ಬೆಳೆಯುವ ದೇಹ

ಅಣ್ಣತಮ್ಮಂದಿರ ಮನೆಗೇ ವಿಶೇಷವಾದ ಒಂದು ಅಪಾಯವಿದೆ: ಅಣ್ಣ ಮಾಡಿದಷ್ಟು ಅಭ್ಯಾಸವನ್ನು ತಮ್ಮನೂ ಮಾಡಹೊರಡುತ್ತಾನೆ. ಹದಿನಾಲ್ಕರವನು ಹತ್ತು ಸುತ್ತು ಓಡಿದರೆ ಒಂಬತ್ತರವನೂ ಓಡುತ್ತಾನೆ, ಮತ್ತು ದೊಡ್ಡವರು ಅದನ್ನು ಕಂಡು ಮೆಚ್ಚುತ್ತಾರೆ. ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಸುಲಭವಾಗಿ ನೆನಪಿರುವಂಥದ್ದು: ತರಬೇತಿ ಮತ್ತು ಪಂದ್ಯ ಸೇರಿ ವಾರಕ್ಕೆ ಆಡುವ ಗಂಟೆಗಳು ಹುಡುಗನ ವಯಸ್ಸನ್ನು ಮೀರಬಾರದು, ವಾರದಲ್ಲಿ ಒಂದು ದಿನವಾದರೂ ಪೂರ್ಣ ವಿಶ್ರಾಂತಿ ಇರಬೇಕು. ನಿದ್ದೆ 12 ವರ್ಷದವರೆಗೆ 9ರಿಂದ 12 ಗಂಟೆ, ಆ ನಂತರ 18ರವರೆಗೆ 8ರಿಂದ 10 ಗಂಟೆ ಬೇಕು.

ಹಿರಿಯವನಿಗೆ ಹದಿಮೂರು ತುಂಬಿದ ವರ್ಷ ಮೊಣಕಾಲಿನ ಕೆಳಗೆ ನೋವು ಎಂದಾಗ ನಾವು ಅದನ್ನು ಸೋಮಾರಿತನವೆಂದು ತಿಳಿದೆವು. ತರಬೇತುದಾರರೂ ಇನ್ನಷ್ಟು ಓಡು, ಸರಿಹೋಗುತ್ತದೆ ಎಂದರು. ಮೂರು ತಿಂಗಳ ನಂತರ ವೈದ್ಯರು ನೋಡಿ, ಮೂಳೆ ವೇಗವಾಗಿ ಬೆಳೆಯುವ ಕಾಲದಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಕಾಲಿನ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಎಳೆತ ಬಿದ್ದು ಹೀಗಾಗುತ್ತದೆ, ಓಟ ನೆಗೆತ ಕಡಿಮೆ ಮಾಡಿದರೆ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ ಎಂದು ವಿವರಿಸಿದರು. ಹಿಮ್ಮಡಿಯಲ್ಲೂ ಇದೇ ಬಗೆಯ ನೋವು ಬರುವುದುಂಟು. ಆದ್ದರಿಂದ ಎರಡು ವಾರ ಮೀರಿದ ನೋವನ್ನೂ ಕುಂಟುವ ನಡಿಗೆಯನ್ನೂ ಯಾರ ಮಾತಿಗೂ ಕಾಯದೆ ವೈದ್ಯರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು ಕಂಡರೆ ಆ ಹುಡುಗ ಆ ದಿನ ಮತ್ತೆ ಮೈದಾನಕ್ಕೆ ಇಳಿಯಕೂಡದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟಕ್ಕೆ ದುಬಾರಿ ಪುಡಿಗಳ ಅಗತ್ಯವಿಲ್ಲ. ಪಂದ್ಯಕ್ಕೆ ಎರಡು ಮೂರು ಗಂಟೆ ಮುಂಚೆ ಅಕ್ಕಿರೊಟ್ಟಿಯೋ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟೋ ಪಲ್ಯದೊಂದಿಗೆ, ಜೊತೆಗೆ ಮೊಟ್ಟೆ, ಬಾಳೆಹಣ್ಣು ಇದ್ದರೆ ಸಾಕು. ಪಂದಿಕರಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಮಳೆಯ ಚಳಿಯಲ್ಲಿ ಹುಡುಗರಿಗೆ ಬಾಯಾರಿಕೆಯೇ ತಿಳಿಯದಿರುವುದರಿಂದ ನೀರಿನ ಬಾಟಲಿ ಖಾಲಿಯಾಗಿದೆಯೇ ಎಂದು ನೀವೇ ನೋಡಬೇಕು.

ಸಾಮಾನು, ಮಳೆ

ತೋಟದ ಆದಾಯ ವರ್ಷಕ್ಕೊಮ್ಮೆ ಬರುವ ಮನೆಗಳಲ್ಲಿ ಕಾಫಿ ಮಾರಾಟವಾದ ಕೂಡಲೇ ಮೂವರ ಅಗತ್ಯಗಳನ್ನೂ ಒಟ್ಟಿಗೆ ಬರೆದು ಆ ಹಣವನ್ನು ಬೇರೆ ತೆಗೆದಿಡುವುದು ಕ್ಷೇಮ. ಅಣ್ಣನದು ತಮ್ಮನಿಗೆ ಎಂಬುದು ನಮ್ಮಲ್ಲಿ ಹಳೆಯ ಪದ್ಧತಿ, ಆದರೆ ಎಲ್ಲವನ್ನೂ ಹಾಗೆ ದಾಟಿಸಲಾಗದು. ಕಾಲಿನ ಶಿನ್ ಗಾರ್ಡ್, ಬ್ಯಾಗು, ಜೆರ್ಸಿ, ಉದ್ದ ಹೊಂದಿದರೆ ಸ್ಟಿಕ್ ಕೊಡಬಹುದು. ಅಣ್ಣನ ಪಾದಕ್ಕೆ ಒಗ್ಗಿ ಸವೆದ ಬೂಟನ್ನು, ಹಲ್ಲಿಗೆ ಹಾಕುವ ಗಾರ್ಡನ್ನು, ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟನ್ನು ಕೊಡಬಾರದು. ಹುಡುಗ ನೇರವಾಗಿ ನಿಂತಾಗ ಪಕ್ಕದಲ್ಲಿ ನಿಲ್ಲಿಸಿದ ಸ್ಟಿಕ್ಕಿನ ತುದಿ ಸೊಂಟದ ಮೂಳೆಯನ್ನು ದಾಟದಿದ್ದರೆ ಉದ್ದ ಸರಿಯಿದೆಯೆಂದು ತಿಳಿಯಿರಿ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ, ಎಡಚ ಹುಡುಗನೂ ಅದರಲ್ಲೇ ಕಲಿಯಬೇಕು. ಕಿರಿಯವನಿಗೆ ವರ್ಷಕ್ಕೆ ಒಂದಾದರೂ ಹೊಚ್ಚಹೊಸ ವಸ್ತು ಕೊಡಿಸಿ. ಎಲ್ಲವೂ ಉಳಿದದ್ದೇ ಆದರೆ ಅವನಿಗೆ ತಾನೂ ಉಳಿದವನೆಂದೇ ಅನ್ನಿಸುತ್ತದೆ.

ಮಳೆಗಾಲದಲ್ಲಿ ಒಬ್ಬೊಬ್ಬನಿಗೆ ಎರಡು ಜೊತೆ ಬೂಟುಗಳಿಲ್ಲದೆ ನಿರ್ವಾಹವಿಲ್ಲ. ಒಳಗಿನ ಅಟ್ಟೆ ಹೊರತೆಗೆದು, ಹಳೆಯ ಪತ್ರಿಕೆ ತುರುಕಿ, ಒಂದು ಗಂಟೆಯ ನಂತರ ಪತ್ರಿಕೆ ಬದಲಿಸಿ, ಬಚ್ಚಲ ಒಲೆಯ ಗೋಡೆಗೆ ಎರಡಡಿ ದೂರದಲ್ಲಿ ಇಡಿ. ಬೆಂಕಿಗೆ ತೀರ ಹತ್ತಿರ ಇಟ್ಟರೆ ಅಂಟು ಬಿಟ್ಟುಹೋಗುತ್ತದೆ. ಬೆರಳ ಸಂದಿಯ ಕೆಸರುಹುಣ್ಣು ಒಬ್ಬನಿಗೆ ಬಂದರೆ ಮೂವರಿಗೂ ಹಬ್ಬುವುದರಿಂದ ಟವೆಲು ಸಾಕ್ಸುಗಳನ್ನು ಪ್ರತ್ಯೇಕವಾಗಿಡಿ.

ಒಬ್ಬ ಮನೆ ಬಿಟ್ಟಾಗ, ಒಬ್ಬ ಆಟ ಬಿಟ್ಟಾಗ

ಕೂಡಿಗೆಯ ಕ್ರೀಡಾಶಾಲೆಗೋ ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಕ್ಕೋ ಒಬ್ಬನಿಗೆ ಆಯ್ಕೆಯಾದರೆ ಅದು ಇಡೀ ಮನೆಯ ಸುದ್ದಿಯಾಗುತ್ತದೆ, ಆಗಬೇಕಾದದ್ದೇ. ಆದರೆ ಮನೆಯಲ್ಲಿ ಉಳಿದವರು ಅನುತ್ತೀರ್ಣರಾದವರಲ್ಲ ಎಂಬುದು ನಿಮ್ಮ ನಡೆಯಲ್ಲಿ ಕಾಣಬೇಕು. ಭಾನುವಾರಗಳೆಲ್ಲ ಹಾಸ್ಟೆಲಿನ ಭೇಟಿಗೇ ಹೋದರೆ ಉಳಿದಿಬ್ಬರು ಮತ್ತೆ ದಿನಾಂಕ ಬರೆಯುವುದನ್ನು ನಿಲ್ಲಿಸುತ್ತಾರೆ.

ಒಬ್ಬ ಆಟವನ್ನೇ ಬಿಡುತ್ತೇನೆ ಎಂದಾಗ ಸಿಟ್ಟಾಗಬೇಡಿ. ತಂಡಕ್ಕೆ ಮಾತು ಕೊಟ್ಟಿರುವುದರಿಂದ ಆ ಋತು ಮುಗಿಸು, ಆಮೇಲೆ ನಿನ್ನ ಇಷ್ಟ ಎಂದು ಹೇಳಿ, ಮುಗಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ. ನಮ್ಮ ನಡುವಿನವನು ಹದಿನೈದರಲ್ಲಿ ಹಾಗೆ ಬಿಟ್ಟ. ಅವನ ಬ್ಯಾಟಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಒಂದು ವರ್ಷದವರೆಗೆ ಯಾರಿಗೂ ಕೊಡದೆ ಅಟ್ಟದ ಮೇಲೆ ಇಟ್ಟೆವು. ಹತ್ತನೆಯ ತಿಂಗಳಲ್ಲಿ ಅವನೇ ಏಣಿ ಹಾಕಿ ಅದನ್ನು ಕೆಳಗಿಳಿಸಿದ.