ಅಂಬಾಸಿಡರ್ ಡೀಸೆಲ್: ಜಾಮ್ ಆದ ಫಿಲ್ಟರ್ ಬೌಲ್ ಬಿಚ್ಚಿದ ಬಗೆ

1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿನ ಹಳೆಯ ಅಂಬಾಸಿಡರ್ ಡೀಸೆಲ್. ಅದರಲ್ಲಿದ್ದದ್ದು ಡೀಸೆಲ್ ಸೋಸುವ, ಸಿಎವಿ ಕಂಪನಿ ಮಾದರಿಯ ಫಿಲ್ಟರ್: ಮೇಲೆ ಅಲ್ಯೂಮಿನಿಯಂ ಹೆಡ್, ನಡುವೆ ಸೋಸುವ ಕಾಗದ ತುಂಬಿದ, ತಗಡಿನ ಡಬ್ಬಿಯಂಥ ಎಲಿಮೆಂಟ್, ಕೆಳಗೆ ಅಲ್ಯೂಮಿನಿಯಂ ಬೌಲ್ (ಬಟ್ಟಲು). ಮೂರನ್ನೂ ಹಿಡಿದಿಟ್ಟಿರುವುದು ಒಂದೇ ಒಂದು ಉದ್ದ ಬೋಲ್ಟ್. ಅದು ಹೆಡ್ ಮೇಲಿಂದ ಇಳಿದು ಬೌಲ್‌ನ ತಳದಲ್ಲಿ ಥ್ರೆಡ್ ಹಿಡಿಯುತ್ತದೆ.

ಜಾಮ್ ಆದಾಗ ಸಾಮಾನ್ಯವಾಗಿ ಬೋಲ್ಟ್ ತಲೆಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯುತ್ತಾರೆ. ಅದರಿಂದ ಏನೂ ಆಗದು. ಕಚ್ಚಿಕೊಂಡಿರುವ ಥ್ರೆಡ್ ತಳದಲ್ಲಿದೆ, ಮೇಲಿನ ಸೀಲ್ ದಾಟಿ ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ. ಡೀಸೆಲ್‌ನಿಂದ ಬೇರ್ಪಟ್ಟ ನೀರು ನಿಲ್ಲುವುದೂ ಆ ತಳದಲ್ಲೇ. ಉಕ್ಕಿನ ಬೋಲ್ಟೂ ಅಲ್ಯೂಮಿನಿಯಮ್ಮೂ ಅಂಟಿಕೊಳ್ಳಲು ಅಷ್ಟು ಸಾಕು.

ಗಾಡಿಯ ಮೇಲೇ ಗುದ್ದಾಡಬಾರದು. ಬೋಲ್ಟ್ ತಿರುಗಿಸಿದರೆ ಬೌಲ್ ಜೊತೆಗೇ ತಿರುಗುತ್ತದೆ. ಎಲಿಮೆಂಟನ್ನು ಹಿಡಿದರೆ ತಗಡು ಜಜ್ಜಿಹೋಗುತ್ತದೆ. ಹಾಗಾಗಿ ಮೊದಲು ಹೊರಮೈಯನ್ನು ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆದೆ. ಒಂದು ಕಣ ಮರಳು ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿನೊಳಗೆ ಹೋದರೂ ಫಿಲ್ಟರ್ ಖರ್ಚಿನ ಎಷ್ಟೋ ಪಟ್ಟು ದಂಡ. ತಳದ ಪ್ಲಗ್ ತೆಗೆದು ಬೌಲ್ ಖಾಲಿ ಮಾಡಿದೆ. ಪೈಪುಗಳಿಗೆ ಒಳ–ಹೊರ ಗುರುತು ಹಾಕಿ ಬಿಚ್ಚಿ, ಬಾಯಿಗೆ ಶುದ್ಧ ಪ್ಲಾಸ್ಟಿಕ್ ಕಟ್ಟಿದೆ. ಬ್ರಾಕೆಟ್ ಬೋಲ್ಟ್ ತೆಗೆದು ಇಡೀ ಫಿಲ್ಟರನ್ನೇ ಮೇಜಿಗೆ ತಂದೆ.

ವೈಸ್‌ಗೆ ಮರದ ತುಂಡು ಕೊಟ್ಟು ಬೌಲನ್ನು ಹಿಡಿದೆ, ಹೆಡ್ಡನ್ನಲ್ಲ. ಬೌಲ್‌ಗೆ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸ್ವಲ್ಪ ಸಡಿಲುತ್ತದೆ. ಬ್ಲೋ ಲ್ಯಾಂಪ್ ಮಾತ್ರ ಬೇಡ: ಒಳಗಿನ ಕಾಗದವೆಲ್ಲ ಡೀಸೆಲ್ ಕುಡಿದಿರುತ್ತದೆ. ರಿಂಗ್ ಪಾನ (ಸ್ಪ್ಯಾನರ್) ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಲು ನೋಡಬೇಕು. ಬೋಲ್ಟ್ ರಬ್ಬರಿನಂತೆ ತಿರುಚಿ ವಾಪಸ್ ಬಂದರೆ ಅಲ್ಲಿಗೇ ನಿಲ್ಲಿಸಬೇಕು, ಮುಂದಿನ ಸಲ ಅದು ಮುರಿಯುತ್ತದೆ.

ನನ್ನದು ಹಾಗೇ ತಿರುಚಿತು. ಆಗ ಎಲಿಮೆಂಟನ್ನೇ ಬಲಿ ಕೊಟ್ಟೆ. ಹೇಗೂ ಬಿಸಾಡುವ ವಸ್ತು. ಹ್ಯಾಕ್ಸಾ ಬ್ಲೇಡಿನಿಂದ ಡಬ್ಬಿಯನ್ನು ಸುತ್ತ ಕೊಯ್ದು, ಕಾಗದ ಕಿತ್ತು, ನಡುವಿನ ಕೊಳವೆಯನ್ನು ಕತ್ತರಿಸಿ ಬಿಡಿಸಿದಾಗ ಬೋಲ್ಟಿನ ದಂಡ ಕಾಣಿಸಿತು. ಈಗ ತುಕ್ಕೆಣ್ಣೆಯನ್ನು ನೇರ ಥ್ರೆಡ್ಡಿನ ಬುಡಕ್ಕೇ ಬಿಡಬಹುದು. ಒಂದು ರಾತ್ರಿ ಬಿಟ್ಟು, ಬೋಲ್ಟ್ ತಲೆಗೆ ಹಿತ್ತಾಳೆ ತುಂಡಿಟ್ಟು ನಾಲ್ಕೈದು ಸಣ್ಣ ಏಟು ಕೊಟ್ಟು, ಇನ್ನೊಮ್ಮೆ ಬಿಸಿನೀರು ಹೊಯ್ದ ಮೇಲೆ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ ಮಾಡುತ್ತಾ ಹೊರಬಂತು. ದಂಡ ತುಕ್ಕಿಗೆ ಸವೆದು ಸಣ್ಣಗಾಗಿದ್ದರೆ ಹೊಸ ಬೋಲ್ಟೇ ಹಾಕಬೇಕು.

ಜೋಡಿಸುವಾಗ ಹೆಚ್ಚಾಗಿ ತಪ್ಪುವುದು ಸೋರದಂತೆ ತಡೆಯುವ ರಬ್ಬರ್ ರಿಂಗುಗಳಲ್ಲಿ. ಹೆಡ್ಡಿನ ತೋಡಿನಲ್ಲಿ ಹಳೆಯ ರಿಂಗ್ ಕಪ್ಪಗೆ ಅಂಟಿ ಕೂತಿರುತ್ತದೆ, ಲೋಹವೆಂದೇ ಅನಿಸುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಏರ್ ಎಳೆಯುತ್ತದೆ. ಬಿದಿರಿನ ಕಡ್ಡಿಯಿಂದ ಕೀಳಿ. ಸ್ಕ್ರೂಡ್ರೈವರ್ ಗೀರು ಬಿದ್ದರೆ ಸೋರಿಕೆ ಖಾಯಂ. ನಡುವಿನ ಸಣ್ಣ ರಿಂಗ್ ಮರೆತರೆ ಹೊರಗೆ ಸೋರದೆ, ಕೊಳಕು ಡೀಸೆಲ್ ಎಲಿಮೆಂಟ್ ತಪ್ಪಿಸಿಕೊಂಡು ಸೀದಾ ಪಂಪಿಗೆ ಹೋಗುತ್ತದೆ. ಬೌಲನ್ನು ತೊಳೆದು ಗರಗಸದ ಪುಡಿ ಒಂದೂ ಉಳಿಯದಂತೆ ನೋಡಿ, ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಹಚ್ಚಿ, 8–10 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ಚಿಕ್ಕ ಪಾನಕ್ಕೆ ಮಣಿಕಟ್ಟಿನ ಬಲ ಸಾಕು. ಸೋರಿದರೆ ಇನ್ನಷ್ಟು ಬಿಗಿಯುವುದಲ್ಲ, ಬಿಚ್ಚಿ ರಿಂಗ್ ನೋಡಬೇಕು.

ಬಿಚ್ಚಿದಾಗ ಒಳಗೆ ಸೇರಿದ ಏರ್ ತೆಗೆಯುವುದು ಮೊದಲು ಫಿಲ್ಟರ್ ಹೆಡ್ಡಿನಲ್ಲಿ, ಆಮೇಲೆ ಪಂಪಿನ ಕೆಳಗಿನ ಸ್ಕ್ರೂ, ನಂತರ ಮೇಲಿನದು, ಕೊನೆಗೆ ನಾಜಲ್ ಪೈಪಿನ ನಟ್ಟು ಸಡಿಲಿಸಿ ಸ್ಟಾರ್ಟರ್ ಹೊಡೆದು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೈ ಲಿವರ್ ಸತ್ತಂತೆ ಆಡಿದರೆ ಪಂಪ್ ಹಾಳಾಗಿದೆ ಅಂದುಕೊಳ್ಳಬೇಡಿ. ಅದು ಎಂಜಿನ್ ತಿರುಗಿಸುವ ಕ್ಯಾಮ್‌ನ ಉಬ್ಬಿನ ಮೇಲೆ ನಿಂತಿರುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.