ಕಾಲಂ ಇಲ್ಲದ ಕೆಲಸ

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಅಧ್ಯಾಪಕರು ತುಂಬಿ ಕೊಡಬೇಕಾದ ನಮೂನೆಯೊಂದಿದೆ. ಎಷ್ಟು ಪ್ರಬಂಧ ಪ್ರಕಟಿಸಿದಿರಿ, ಎಷ್ಟು ಕಾರ್ಯಾಗಾರಕ್ಕೆ ಹೋದಿರಿ, ಪೇಟೆಂಟ್ ಇದೆಯೇ, ಎನ್‌ಎಸ್‌ಎಸ್ ಶಿಬಿರ ನಡೆಸಿದಿರಾ, ಎಲ್ಲಕ್ಕೂ ಕಾಲಂ ಇದೆ, ಕಾಲಮ್ಮಿಗೆ ಅಂಕ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಮಾನಕದ, ಅಂದರೆ ಎಲ್ಲರ ಸಾಧನಗಳೂ ಪಾಲಿಸಲೆಂದು ಒಪ್ಪಿ ಬರೆದ ನಿಯಮಗಳ, ಕರಡಿಗೆ ನೀವೇನಾದರೂ ಬರೆದು ಕೊಟ್ಟಿರಾ ಎಂದು ಕೇಳುವ ಕಾಲಂ ಮಾತ್ರ ಇಲ್ಲ. ಮೂರು ವರ್ಷ ನಾನು ಅದನ್ನು ಕೊನೆಯ ಪುಟದ ‘ಇತರೆ’ ಎಂಬಲ್ಲಿ ಬರೆದೆ. ‘ಇತರೆ’ಗೆ ಅಂಕವಿಲ್ಲ.

ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮಾನಕ ಎಂಬ ಪದವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಬಳಸುವುದಿಲ್ಲ, ಸ್ಟ್ಯಾಂಡರ್ಡ್ ಎನ್ನುತ್ತೇವೆ. ಪಾಠದಲ್ಲಿ ಅದು ಬಂದಾಗಲೆಲ್ಲ ಆಕಾಶದಿಂದ ಉದುರಿದ ವಸ್ತುವಿನಂತೆ ಕಲಿಸುತ್ತೇವೆ: ಇದರ ಆವರ್ತನ ಇಷ್ಟು, ಹೆಡರ್ ಇಷ್ಟು ಬೈಟ್, ಬರೆದುಕೊಳ್ಳಿ. ಅದನ್ನು ಯಾರೋ ಕೂತು ಜಗಳವಾಡಿ ಬರೆದಿರುತ್ತಾರೆ, ಆ ಜಗಳದಲ್ಲಿ ನಾವೂ ಕುಳಿತುಕೊಳ್ಳಬಹುದು ಎಂಬುದು ಹನ್ನೆರಡು ವರ್ಷ ಪಾಠ ಮಾಡಿದ ಮೇಲೂ ನನಗೆ ಹೊಳೆದಿರಲಿಲ್ಲ.

ಹೊಳೆಸಿದ್ದು ಜಗಳೂರು ತಾಲ್ಲೂಕಿನ ಮೆಕ್ಕೆಜೋಳ. ಅಲ್ಲಿನ ಕೆಲವು ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಸಂವೇದಕಗಳನ್ನು ನೆಟ್ಟಿದ್ದೆವು. ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ಲೋರಾ ಎಂಬ ರೇಡಿಯೊ ತಂತ್ರಜ್ಞಾನದಲ್ಲಿ, ಅವು ದಿನಕ್ಕೆ ಕೆಲವು ಸಲ ಮಾತನಾಡುತ್ತಿದ್ದವು. ಜೂನ್‌ನಲ್ಲಿ ಬಿತ್ತನೆಯಾದಾಗ ಎಲ್ಲವೂ ಚೆನ್ನಾಗಿತ್ತು. ಆಗಸ್ಟ್ ಹೊತ್ತಿಗೆ ಪೈರು ಆಳೆತ್ತರ ಬೆಳೆಯಿತು, ದೂರದ ಸಂವೇದಕಗಳು ಒಂದೊಂದಾಗಿ ಮೌನವಾದವು. ಬ್ಯಾಟರಿ ಬದಲಿಸಿದೆವು, ಡಬ್ಬಿ ಬಿಚ್ಚಿ ನೋಡಿದೆವು. ಹೊಲದ ಯಜಮಾನರು ಬದುವಿನ ಮೇಲೆ ಕೂತು ನೋಡುತ್ತಿದ್ದವರು, “ಅಕ್ಕೋರೆ, ಜೋಳದೊಳಗೆ ಇಳಿದರೆ ನನ್ನ ಮೊಬೈಲೇ ಸಿಗುವುದಿಲ್ಲ, ಪಾಪ ನಿಮ್ಮ ಡಬ್ಬಿ ಏನು ಮಾಡೀತು?” ಎಂದರು. ನೀರು ತುಂಬಿದ ಹಸಿರೆಲೆ ರೇಡಿಯೊ ಅಲೆಯನ್ನು ಹೀರುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಐದನೆಯ ಸೆಮಿಸ್ಟರಿಗೆ ಕಲಿಸುತ್ತೇನೆ. ಹೊಲದಲ್ಲಿ ಅದನ್ನು ನನಗೆ ಅವರು ಹೇಳಿಕೊಡಬೇಕಾಯಿತು.

ಇದನ್ನು ಪ್ರಬಂಧವಾಗಿ ಬರೆದು ಕಳಿಸಿದೆ. ‘ಹೊಸತೇನೂ ಇಲ್ಲ’ ಎಂದು ವಾಪಸು ಬಂತು. ನ್ಯಾಯವಾದ ಮಾತೇ. ಅದೇ ಸಮಯಕ್ಕೆ, 2021ರ ಕೊನೆಯಲ್ಲಿ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಂದರೆ ಐಟಿಯು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆಗೂಡಿ ಡಿಜಿಟಲ್ ಕೃಷಿಯ ಬಗ್ಗೆ ಒಂದು ಫೋಕಸ್ ಗ್ರೂಪ್ ತೆರೆದಿದೆ ಎಂದು ತಿಳಿಯಿತು. ಫೋಕಸ್ ಗ್ರೂಪ್ ಎಂದರೆ ಮಾನಕ ಬರೆಯುವ ಮೊದಲು ನೆಲ ಹದಮಾಡುವ ತಂಡ. ಅದಕ್ಕೆ ಸದಸ್ಯತ್ವ ಬೇಡ, ಶುಲ್ಕವಿಲ್ಲ, ಆನ್‌ಲೈನಿನಲ್ಲಿ ಕೂರಬಹುದು. ಪ್ರಬಂಧಕ್ಕೆ ಹಳತಾದದ್ದು ಇಲ್ಲಿ ಬೇಕಾಗಿತ್ತು. ಯಾಕೆಂದರೆ ಪ್ರಬಂಧ ಕೇಳುವುದು ‘ಇದರಲ್ಲಿ ಹೊಸದೇನು’ ಎಂದು. ಮಾನಕ ಕೇಳುವುದು ‘ಇದು ಎಲ್ಲರ ಹೊಲದಲ್ಲೂ ನಿಜವೇ’ ಎಂದು. ಈ ಎರಡು ಪ್ರಶ್ನೆಗಳ ನಡುವಿನ ಅಂತರ ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಕರಡಿಗಾಗಿ ಬರೆದು ಸಲ್ಲಿಸುವ ಬರಹಕ್ಕೆ ಅಲ್ಲಿ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ನಾನು ಮೊದಲು ಬರೆದದ್ದು ಒಂಬತ್ತು ಪುಟವಿತ್ತು. ಪೀಠಿಕೆ, ಪೂರ್ವಾಧ್ಯಯನ, ನಾಲ್ಕು ಗ್ರಾಫು, ‘ನಮ್ಮ ವಿಧಾನ ಇತರರಿಗಿಂತ ಉತ್ತಮ’ ಎಂಬ ಮುಕ್ತಾಯ. ಅಲ್ಲಿನ ಅನುಭವಿಗಳೊಬ್ಬರು ಸೌಜನ್ಯದಿಂದಲೇ ಕೇಳಿದರು: ಕರಡಿನ ಯಾವ ಭಾಗವನ್ನು, ಯಾವ ಸಾಲನ್ನು ಬದಲಿಸಬೇಕು ಎನ್ನುತ್ತೀರಿ? ನನ್ನ ಬಳಿ ಉತ್ತರವಿರಲಿಲ್ಲ. ಕರಡನ್ನು ಪೂರ್ತಿ ಓದಿಯೇ ಇರಲಿಲ್ಲ. ಇನ್ನೊಬ್ಬರು, ಗಿಡಮರಗಳಿಂದ ಅಲೆ ಕ್ಷೀಣಿಸುವುದರ ಬಗ್ಗೆ ಐಟಿಯುವಿನ ರೇಡಿಯೊ ವಿಭಾಗದ ಪಿ.833 ಎಂಬ ಶಿಫಾರಸು ಇದೆಯಲ್ಲ, ಅದರ ಜೊತೆ ಹೋಲಿಸಿದಿರಾ ಎಂದರು. ಆ ಹೆಸರು ನಾನು ಕೇಳಿದ್ದೇ ಅವತ್ತು. ಉಚಿತವಾಗಿ ಸಿಗುವ ದಾಖಲೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲ್ಯಾಪ್‌ಟಾಪಿನ ಕ್ಯಾಮೆರಾ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಎರಡನೆಯ ಸಲ ಎರಡೇ ಪುಟ. ಈಗಿರುವ ಸಾಲು ಇದು, ಇರಬೇಕಾದ ಸಾಲು ಇದು, ಕಾರಣ ಇದು. ಪೂರ್ವಾಧ್ಯಯನವನ್ನು ತೆಗೆದುಹಾಕುವಾಗ ಕೈ ನಡುಗಿತು, ಸುಳ್ಳೇಕೆ. ನಾನು ಸೇರಿಸಲು ಕೇಳಿದ್ದು ಇಷ್ಟೇ: ಹೊಲದ ಸಂಪರ್ಕವನ್ನು ಪರೀಕ್ಷಿಸುವವರು ಬೆಳೆ ಯಾವ ಹಂತದಲ್ಲಿದ್ದಾಗ, ಆಂಟೆನಾ ಪೈರಿಗಿಂತ ಮೇಲಿದ್ದಾಗಲೋ ಕೆಳಗಿದ್ದಾಗಲೋ ಪರೀಕ್ಷಿಸಿದರು ಎಂಬುದನ್ನು ದಾಖಲಿಸಬೇಕು. ಬೋಳು ನೆಲದಲ್ಲಿ ಅಳೆದು ‘ಇಷ್ಟು ಕಿಲೋಮೀಟರ್ ಮುಟ್ಟುತ್ತದೆ’ ಎನ್ನುವುದು ಸುಗ್ಗಿಯ ಮಾತು ಬಿತ್ತನೆಯಲ್ಲಿ ಆಡಿದಂತೆ. ಚರ್ಚೆಯಲ್ಲಿ ಆ ಸಾಲನ್ನು ಮೂರು ಸಲ ತಿದ್ದಿದರು. ಕೊನೆಗೆ ಉಳಿದದ್ದರಲ್ಲಿ ನನ್ನ ಪದಗಳು ಬಹುಶಃ ನಾಲ್ಕಿದ್ದವು, ಅರ್ಥ ಮಾತ್ರ ನನ್ನದೇ ಆಗಿತ್ತು. ಪ್ರಬಂಧದಲ್ಲಾದರೆ ಮೊದಲ ಲೇಖಕಿ ಎಂದು ಹೆಸರು ಬರುತ್ತದೆ. ಇಲ್ಲಿ ಅಚ್ಚಾದ ಪಠ್ಯದಲ್ಲಿ ಯಾವ ಸಾಲು ಯಾರದೆಂದು ಗೊತ್ತಾಗುವುದಿಲ್ಲ. ಸಂಶೋಧಕರಿಗೆ ಇದಕ್ಕಿಂತ ಕಹಿಯಾದ ಸಂಗತಿ ಇಲ್ಲ.

ಸಭೆಗಳ ವೇಳೆಯೂ ಒಂದು ಪಾಡು. ಜಿನೀವಾದಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಏಳು. ಒಂದು ಕಿವಿಯಲ್ಲಿ ಬ್ರೆಜಿಲ್‌ನವರ ಆಕ್ಷೇಪ, ಇನ್ನೊಂದು ಕಿವಿಯಲ್ಲಿ ಮಗಳ ಹದಿನೇಳರ ಮಗ್ಗಿ. ಅತ್ತೆಯವರು, “ಸಂಬಳ ಕೊಡದವರ ಕೆಲಸಕ್ಕೆ ಇಷ್ಟು ನಿಯತ್ತು ಯಾಕಮ್ಮ?” ಎಂದು ಕೇಳಿದ್ದರು. ಪ್ರಾಂಶುಪಾಲರಿಗಿಂತ ಮೊದಲು ಆ ಪ್ರಶ್ನೆ ಕೇಳಿದವರು ಅವರೇ.

ಒಬ್ಬಳೇ ಮಾಡುವ ಕೆಲಸ ಇದಲ್ಲ ಎಂದು ಗೊತ್ತಾದ ಮೇಲೆ ಬೇರೆಯವರನ್ನು ಎಳೆಯಲು ಹೊರಟೆ. ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ಒಂದು ಮಾನಕವನ್ನು ಒಟ್ಟಿಗೆ ಓದುವುದೆಂದು ಗೊತ್ತುಮಾಡಿದೆ, ಜೊತೆಗೆ ಮಂಡಕ್ಕಿ ಮೆಣಸಿನಕಾಯಿ. ಮೊದಲ ವಾರ ಹನ್ನೊಂದು ಜನ ಬಂದರು. ನಾಲ್ಕನೆಯ ವಾರಕ್ಕೆ ನಾಲ್ಕು ಜನ, ಅದರಲ್ಲಿ ಒಬ್ಬರು ಮೆಣಸಿನಕಾಯಿಗಾಗಿ ಬರುತ್ತಿದ್ದರು ಎಂಬುದು ನನ್ನ ಅನುಮಾನ. ಮಾನಕದ ಭಾಷೆ ಒಣ. ಓದಿದವರಿಗೆ ನಿದ್ದೆ ಬರುತ್ತದೆ.

ಅದನ್ನು ಸ್ವಲ್ಪ ಮಟ್ಟಿಗೆ ಬಿಡಿಸಿದ್ದು ಕನ್ನಡವೇ. ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಕೂಟದ ದಾಖಲೆಗಳಿಗೆ ಆರ್‌ಎಫ್‌ಸಿ ಎಂದು ಹೆಸರು. ಆ ಕೂಟ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಚಿಕ್ಕ ದಾಖಲೆಯಲ್ಲಿ ಮಸ್ಟ್, ಶುಡ್, ಮೇ ಪದಗಳಿಗೆ ನಿಖರ ಅರ್ಥ ಕಟ್ಟಿಕೊಟ್ಟಿತು. ಹುಡುಗರಿಗೆ ಮೂರೂ ಒಂದೇ ಅನ್ನಿಸುತ್ತಿತ್ತು. ಒಂದು ದಿನ ಸರ್ಕಾರಿ ಸುತ್ತೋಲೆಯೊಂದನ್ನು ಮೇಜಿನ ಮೇಲಿಟ್ಟೆ. ‘ಸಲ್ಲಿಸತಕ್ಕದ್ದು’ ಎಂದರೆ ಮಸ್ಟ್, ತಪ್ಪಿದರೆ ಕಡತ ವಾಪಸು. ‘ಸಲ್ಲಿಸುವುದು ಸೂಕ್ತ’ ಎಂದರೆ ಶುಡ್, ಬಿಡುವುದಾದರೆ ಕಾರಣ ಕೈಯಲ್ಲಿರಬೇಕು. ‘ಸಲ್ಲಿಸಬಹುದು’ ಎಂದರೆ ಮೇ, ನಿಮ್ಮಿಷ್ಟ. ಮುಂದಿನ ವಾರದಿಂದ ಅವರೇ ಸಾಲು ಸಾಲಿಗೆ “ಮೇಡಂ, ಇದು ತಕ್ಕದ್ದೋ ಸೂಕ್ತವೋ?” ಎಂದು ವಾದ ಹೂಡತೊಡಗಿದರು. ಒಂದು ಸಾಧನ ಇನ್ನೊಂದರ ಜೊತೆ ಕೆಲಸ ಮಾಡದೆ ಹೋಗುವುದು ಅನೇಕ ಸಲ ಈ ಎರಡರ ನಡುವಿನ ಸಂದಿಯಲ್ಲೇ ಎಂಬುದು ಆ ವಾದದಲ್ಲಿ ತಾನಾಗಿಯೇ ಅವರಿಗೆ ಕಂಡಿತು.

ಐಇಟಿಎಫ್ ಹೊಸಬರಿಗೆ ಸುಲಭ. ಅದಕ್ಕೆ ಸದಸ್ಯತ್ವವೇ ಇಲ್ಲ. ಮತ ಹಾಕುವುದಿಲ್ಲ, ಒಮ್ಮತ ಎತ್ತ ವಾಲಿದೆ ಎಂದು ತಿಳಿಯಲು ಕೋಣೆಯಲ್ಲಿದ್ದವರಿಗೆ ಗುಂಯ್‌ಗುಡಲು ಹೇಳುವ ಸಂಪ್ರದಾಯವಿದೆ. ಭಜನೆಯ ಮನೆಯಂತೆ ಎಂದು ನಮ್ಮ ಲ್ಯಾಬಿನ ಸಹಾಯಕರು ನಕ್ಕಿದ್ದರು. ಯಾರು ಬೇಕಾದರೂ ಕರಡು ಹಾಕಬಹುದು, ಆರು ತಿಂಗಳಲ್ಲಿ ನವೀಕರಿಸದಿದ್ದರೆ ಅದರ ಅವಧಿ ಮುಗಿಯುತ್ತದೆ. ಆದರೆ ವಿದ್ಯಾರ್ಥಿಗಳಿಗೆ ಕರಡಿಗಿಂತ ಚಿಕ್ಕ ಮೆಟ್ಟಿಲೊಂದಿದೆ: ಪ್ರಕಟವಾದ ಆರ್‌ಎಫ್‌ಸಿಯಲ್ಲಿ ತಪ್ಪು ಕಂಡರೆ ತಪ್ಪೋಲೆ ಸಲ್ಲಿಸಬಹುದು. ಅಂತಿಮ ವರ್ಷದ ಪ್ರಾಜೆಕ್ಟಿನವರಿಗೆ ನಾನು ಹಾಕಿದ ಷರತ್ತು ಒಂದೇ, ನೀವು ಬಳಸುವ ಪ್ರೋಟೋಕಾಲಿನ ಆರ್‌ಎಫ್‌ಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಂದು ಅಸ್ಪಷ್ಟ ಜಾಗ ಹುಡುಕಿ. ಹರಿಹರದಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಯೊಬ್ಬಳು ಒಂದೆಡೆ ವಿಭಾಗದ ಸಂಖ್ಯೆ ತಪ್ಪಾಗಿ ಉಲ್ಲೇಖವಾಗಿರುವುದನ್ನು ಹಿಡಿದಳು. ‘ಮುಂದಿನ ಪರಿಷ್ಕರಣೆಗೆ ಕಾದಿರಿಸಲಾಗಿದೆ’ ಎಂಬ ಷರಾ ಬಂತು. ತೀರ ಸಣ್ಣ ವಿಷಯ. ಆದರೆ ಪಠ್ಯಪುಸ್ತಕದಲ್ಲಿ ತಪ್ಪಿರಬಹುದು, ಅದನ್ನು ತಾನು ಹೇಳಿದರೆ ಯಾರೋ ಕೇಳುತ್ತಾರೆ ಎಂಬುದನ್ನು ಅವಳ ಮುಖದಲ್ಲಿ ನಾನು ನೋಡಿದೆ. ಆ ವಾರ ಶುಕ್ರವಾರದ ಮೇಜಿಗೆ ಎಂಟು ಜನ.

ಸಹೋದ್ಯೋಗಿಗಳು ಇಷ್ಟಕ್ಕೆ ಬಗ್ಗಲಿಲ್ಲ. “ದೊಡ್ಡ ಕಂಪನಿಗಳು ನಡೆಸುವ ಆಟ, ನಮ್ಮ ಮಾತು ಯಾರು ಕೇಳುತ್ತಾರೆ?” ಎಂಬುದು ಅವರ ಮಾತು. ಪೂರ್ತಿ ಸುಳ್ಳಲ್ಲ. ಅವರ ಮುಂದೆ ನಾನು ಇಟ್ಟದ್ದು ಆರು ಕಿಲೋಮೀಟರ್ ಕಥೆ. 5ಜಿ ತಂತ್ರಜ್ಞಾನಗಳನ್ನು ತೂಗಲು ಐಟಿಯು ಮಾದರಿ ಸನ್ನಿವೇಶಗಳನ್ನು ರೂಪಿಸುವಾಗ, ಗ್ರಾಮೀಣ ಪ್ರದೇಶ ಎಂದರೆ ಎರಡು ಗೋಪುರಗಳ ನಡುವೆ 1,732 ಮೀಟರ್ ಎಂಬ ಲೆಕ್ಕವಿತ್ತು. ನಮ್ಮ ಹಳ್ಳಿಗಳ ನಡುವಿನ ಅಂತರ ಹಾಗಿಲ್ಲ. ಜನ ಊರಿನಲ್ಲೇ ಇರುತ್ತಾರೆ, ವೇಗವಾಗಿ ಚಲಿಸುವವರು ಕಡಿಮೆ, ಆದರೆ ಗೋಪುರ ದೂರ. ಭಾರತದ ಮಾನಕ ಸಂಸ್ಥೆ ಟಿಎಸ್‌ಡಿಎಸ್‌ಐ ಮೂಲಕ ಇದನ್ನು ವಾದಿಸಿದವರಲ್ಲಿ ಐಐಟಿಗಳ ಸಂಶೋಧಕರಿದ್ದರು. 2017ರ ಐಟಿಯು ವರದಿಯಲ್ಲಿ 6 ಕಿಲೋಮೀಟರ್ ಅಂತರದ ಸನ್ನಿವೇಶ ಸೇರಿತು. ಅದರ ಬೆನ್ನಿಗೆ ಬಂದ, ಭಾರತದ್ದೇ ಆದ 5ಜಿಐ ಎಂಬ 5ಜಿ ತಂತ್ರಜ್ಞಾನ ಬೇರೆಯಾಗಿ ಉಳಿಯದೆ, ಕೊನೆಗೆ ಮೊಬೈಲ್ ಮಾನಕಗಳನ್ನು ಬರೆಯುವ ಜಾಗತಿಕ ಕೂಟವಾದ 3ಜಿಪಿಪಿಯ ಮಾನಕದ 17ನೆಯ ಆವೃತ್ತಿಯಲ್ಲಿ ಬೆರೆಯಿತು. ಅದನ್ನು ಗೆಲುವು ಎನ್ನುವವರಿದ್ದಾರೆ, ರಾಜಿ ಎನ್ನುವವರೂ ಇದ್ದಾರೆ. ನನಗೆ ಮುಖ್ಯವೆನಿಸಿದ್ದು ಆ 6 ಎಂಬ ಅಂಕಿ. ಜಗಳೂರಿನ ರಸ್ತೆಯಲ್ಲಿ ಬೈಕ್ ಓಡಿಸಿದ ಯಾರಿಗಾದರೂ ಗೊತ್ತಿರುವ ಸಂಗತಿಯನ್ನು ಅಳೆದು, ಬರೆದು, ಸಭೆಯಲ್ಲಿ ಕೂತು ಹೇಳುವವರು ಬೇಕಾಗಿದ್ದರು.

ಹಣದ ವಿಷಯ. ಐಟಿಯು ಹುಟ್ಟಿದ್ದು 1865ರಲ್ಲಿ, ತಂತಿಯ ಕಾಲದಲ್ಲಿ. ವಿಶ್ವವಿದ್ಯಾಲಯಗಳಿಗೆಂದೇ ಸದಸ್ಯತ್ವದ ಬಾಗಿಲು ತೆರೆದದ್ದು 2011ರಲ್ಲಿ! ಅಭಿವೃದ್ಧಿಶೀಲ ದೇಶಗಳ ಶಿಕ್ಷಣ ಸಂಸ್ಥೆಗಳಿಗೆ ನಾವು ವಿಚಾರಿಸಿದಾಗ ವರ್ಷಕ್ಕೆ 1,987.50 ಸ್ವಿಸ್ ಫ್ರಾಂಕ್ ಇತ್ತು, ಸುಮಾರು ಎರಡು ಲಕ್ಷ ರೂಪಾಯಿ. ನಮ್ಮಲ್ಲಿ ಕೇಳಿದ ಮೊದಲ ಪ್ರಶ್ನೆ, “ಇದಕ್ಕೆ ಎಷ್ಟು ಅಂಕ ಬರುತ್ತದೆ ಮೇಡಂ?” ಕಡತ ಅಲ್ಲಿಗೇ ನಿಂತಿತು. ಹಾಗೆಂದು ದಾರಿ ಮುಚ್ಚಲಿಲ್ಲ. ದೂರಸಂಪರ್ಕ ಇಲಾಖೆಯಲ್ಲಿ, ಮಾನಕ ಬರೆಯುವ ಐಟಿಯು ಸ್ಟಡಿ ಗ್ರೂಪ್‌ಗಳಿಗೆ ಸರಿಸಮನಾಗಿ ರಾಷ್ಟ್ರೀಯ ಕಾರ್ಯತಂಡಗಳಿವೆ. ಅಲ್ಲಿ ಒಪ್ಪಿಗೆಯಾದರೆ ನಿಮ್ಮ ಬರಹ ಭಾರತದ ಹೆಸರಿನಲ್ಲೇ ಹೋಗುತ್ತದೆ. ನಮ್ಮಂಥ ಕಾಲೇಜಿಗೆ ಇದೇ ಸರಿಯಾದ ಬಾಗಿಲು ಎಂದು ನನ್ನ ಅಭಿಪ್ರಾಯ. ಫ್ರಾಂಕ್ ಕೊಟ್ಟು ಸದಸ್ಯರಾಗಿ ಸುಮ್ಮನೆ ಕೂರುವುದಕ್ಕಿಂತ ಎಷ್ಟೋ ವಾಸಿ. ಪೇಟೆಂಟ್ ಆಸೆ ಇದ್ದವರು ಮಾತ್ರ ಅರ್ಜಿ ಹಾಕಿದ ಮೇಲೆಯೇ ಕಾಂಟ್ರಿಬ್ಯೂಷನ್ ಕಳಿಸಬೇಕು. ಈ ಕ್ರಮ ತಿರುವುಮುರುವಾಗಿ ನಮ್ಮಲ್ಲೊಬ್ಬರು ಕೈ ಸುಟ್ಟುಕೊಂಡಿದ್ದಾರೆ.

ಪ್ರಬಂಧ ಬಿಟ್ಟು ಬದುಕಲಾರದವರಿಗೆ ಐಟಿಯುವೇ 2008ರಿಂದ ಕ್ಯಾಲಿಡೋಸ್ಕೋಪ್ ಎಂಬ ವಿದ್ವತ್ ಸಮ್ಮೇಳನ ನಡೆಸುತ್ತದೆ. 2010ರಲ್ಲಿ ಪುಣೆಯಲ್ಲಿ ನಡೆದಿತ್ತು. 2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ, ಮಾನಕಗಳ ಜಾಗತಿಕ ಮಹಾಸಭೆಯ ಜೊತೆಗೇ ನಡೆಯಿತು. ನಮ್ಮ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಈ ದಾರಿ ತೋರಿಸಿದ ಮೇಲೆಯೇ ಅವರ ಮಾರ್ಗದರ್ಶಕರು ಶುಕ್ರವಾರ ಬಿಡಲು ಒಪ್ಪಿದ್ದು. ಅಳತೆ ಒಂದೇ, ಬರವಣಿಗೆ ಎರಡು: ಒಂಬತ್ತು ಪುಟದ್ದು ಸಮ್ಮೇಳನಕ್ಕೆ, ಎರಡು ಪುಟದ್ದು ಕಾರ್ಯತಂಡಕ್ಕೆ. ನನ್ನ ಆ ಮೊದಲ ಒಂಬತ್ತು ಪುಟಕ್ಕೂ ಹೀಗೆ ಒಂದು ಗತಿ ಕಾಣಿಸಬಹುದಿತ್ತು.

ಕಳೆದ ವರ್ಷ ನಮೂನೆ ಪರಿಷ್ಕರಿಸುವ ಸಮಿತಿಗೆ ನನ್ನನ್ನೂ ಹಾಕಿದರು. ‘ಮಾನಕ ರಚನೆಯಲ್ಲಿ ಭಾಗವಹಿಸಿರುವುದು’ ಎಂದೊಂದು ಕಾಲಂ ಸೂಚಿಸಿದೆ. ಒಂದು ಗಂಟೆ ಚರ್ಚೆಯಾಯಿತು. ಪುರಾವೆ ಏನು, ಸಭೆಯ ಹಾಜರಿಗೆ ಅಂಕವೋ ಬರಹಕ್ಕೋ ಎಂದೆಲ್ಲ ಕೇಳಿದರು. ಹಾಜರಿಗೆ ಬೇಡ, ದಾಖಲಾದ ಬರಹಕ್ಕೆ ಮಾತ್ರ ಎಂದೆ. ‘ಪರಿಗಣಿಸಬಹುದು’ ಎಂದು ನಡಾವಳಿಯಲ್ಲಿ ಬರೆದರು. ‘ತಕ್ಕದ್ದು’ ಬೇಡ, ‘ಸೂಕ್ತ’ ಎಂದಾದರೂ ಮಾಡಿ ಎಂದು ಕೇಳಿಕೊಂಡೆ. ನನ್ನ ವಿದ್ಯಾರ್ಥಿಗಳಾಗಿದ್ದ ಇಬ್ಬರು ಕಿರಿಯ ಅಧ್ಯಾಪಕರು ಮಾತ್ರ ಮೂಲೆಯಲ್ಲಿ ಕೂತು ನಕ್ಕರು.

ಈ ಸಲ ಮೆಕ್ಕೆಜೋಳ ಬಿಟ್ಟು ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಹೋಗುತ್ತಿದ್ದೇವೆ. ಅಲ್ಲಿ ಎಲೆ ವರ್ಷವಿಡೀ ತಲೆಯ ಮೇಲೇ ಇರುತ್ತದೆ, ಕೆಳಗೆ ಬರೀ ಕಾಂಡ. ಆದ್ದರಿಂದ ಆಂಟೆನಾವನ್ನು ಮೇಲಿಡಬೇಕೋ ಕೆಳಗಿಡಬೇಕೋ ಎಂಬ ಲೆಕ್ಕವೇ ತಿರುಗುಮುರುಗಾಗಬಹುದು. ಹರಿಹರದ ಹುಡುಗಿ ಈಗ ಎಂ.ಟೆಕ್ ಮಾಡುತ್ತಿದ್ದಾಳೆ. ಪಿ.833ಅನ್ನು ನನಗಿಂತ ಮೊದಲೇ ಓದಿ, ಅಡಿಕೆಯಂಥ ಮರಕ್ಕೆ ಅದು ಎಲ್ಲಿ ಹೊಂದುವುದಿಲ್ಲವೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.